ಹುಬ್ಬಳ್ಳಿಯಿಂದ ಪುಣೆಗೆ ಒಂದೇ ತಾಸು

ನನ್ನ ತಂಗಿಯ ಮಣ್ಣಿಗೆ ನಾನು ಹೋಗಿ ಮುಟ್ಟದಂತೆ ಮಾಡಿದವನು ನನ್ನ ಮೈದುನ. ದೇವರಲ್ಲ, ಹಣೆಬರಹವೂ ಅಲ್ಲ. ಅವನೇ. ವಿಮಾನದ ವಿಷಯದಲ್ಲಿ ಅವನಷ್ಟು ತಿಳಿದವರು ರೋಣ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಒಮ್ಮೆಯಾದರೂ ಹತ್ತಿದ್ದರೆ ಇನ್ನೆಷ್ಟು ತಿಳಿಯುತ್ತಿತ್ತೋ!

ಮೊಮ್ಮಗಳ ಹಳೆಯ ನಕಾಶೆ ಪುಸ್ತಕ, ನನ್ನ ಹೊಲಿಗೆ ಡಬ್ಬಿಯ ದಾರ, ಇಷ್ಟೇ ಅವನ ಸಾಮಾನು. ದಾರ ಹಿಡಿದು ಊರಿಂದೂರಿಗೆ ಅಳೆಯುವುದು, ವಿಮಾನಕ್ಕೆ ಎಷ್ಟು ನಿಮಿಷ ಎಂದು ಸಾರುವುದು. ಗಜೇಂದ್ರಗಡದವರು ಮೊಮ್ಮಗಳನ್ನು ನೋಡಲು ಬಂದಾಗ ಅವಲಕ್ಕಿಗೂ ಮೊದಲು ಇವನ ಮಾತು ಬಂತು.

"ನಮ್ಮೂರಿಂದ ನಿಮ್ಮೂರಿಗೆ ಬರೇ ಮೂರೂವರಿ ನಿಮಿಷ ನೋಡ್ರಿ!"

"ಇಳಿಯೂದೆಲ್ಲಿ? ನಿನ್ನ ತಲಿ ಮ್ಯಾಲೇನು?" ಎಂದೆ ನಾನು.

"ಇಳಿಯೂ ಮಾತು ಬ್ಯಾರೆ, ವೈನಿ. ನಾ ಹಾರೂ ಹೊತ್ತಷ್ಟ ಹೇಳಿನ್ರಿ."

ಬಂದವರು ಅವಲಕ್ಕಿ ತಿಂದು ಹೋದರು. ತಿರುಗಿ ಬರಲು ಅವರಿಗೆ ಆ ಮೂರೂವರೆ ನಿಮಿಷ ಇವತ್ತಿಗೂ ಸಿಕ್ಕಿಲ್ಲ!

ನಗಬೇಕಾದದ್ದು ಅಷ್ಟೇ. ಆಮೇಲೊಂದು ಬೆಳಿಗ್ಗೆ ಪುಣೆಯಿಂದ ತಂಗಿಯ ಮಗನ ಫೋನು ಬಂತು. "ದೊಡ್ಡವ್ವ, ಅವ್ವ ಹೋದ್ಲು. ಸಂಜಿ ಐದಕ್ಕ ಮಣ್ಣು. ತವರ ಸೀರಿ ತಗೊಂಡು ಲಗೂ ಬಾ."

ಸತ್ತ ಹೆಣ್ಣುಮಗಳಿಗೆ ಕಡೆಯ ಸೀರೆ ತವರಿನದೇ ಆಗಬೇಕು. ನಮಗೆ ಅಣ್ಣ ತಮ್ಮಂದಿರಿಲ್ಲ. ಅವಳ ತವರೆಂದರೆ ನಾನೊಬ್ಬಳೇ. ಏಳಕ್ಕೆ ಕಾರು ಬಾಗಿಲಿಗೆ ಬಂದಿತ್ತು. ಹೊರಟಿದ್ದರೆ ನಾಲ್ಕಕ್ಕೆ ಪುಣೆ.

"ಕಾರಿನ್ಯಾಗ ಒಂಬತ್ತು ತಾಸು ಕುಂತ್ರ ನಿಮ್ಮ ನಡಾ ಉಳಿಯಂಗಿಲ್ರಿ. ಒಂದಕ್ಕ ಹುಬ್ಬಳ್ಳಿಯಿಂದ ವಿಮಾನ ಐತಿ, ಎರಡಕ್ಕ ಪುಣೆ!" ಎಂದ ಮೈದುನ. ಫೋನಿನಲ್ಲೇ ಟಿಕೆಟ್ ಮಾಡಿಸಿದ. ನಾನೂ ಅವನ ಮಾತು ಕೇಳಿದೆ. ಆ ದಡ್ಡತನ ಮಾತ್ರ ನನ್ನದು.

ರೈಲು ಹತ್ತಲು ಹೊಳೆಆಲೂರಿಗೆ ಹೋದರೂ ಅದರ ಕೂಗು ಕೇಳಿಸಿದ ಮೇಲೆ ಚಪ್ಪಲಿ ಹುಡುಕುವ ಮಂದಿ ನಾವು. ಇವನು ದಾಡಿ ಮಾಡಿಕೊಂಡು, ಅಂಗಿಗೆ ಇಸ್ತ್ರಿ ಹಾಕಿ, ಹೊರಟಿದ್ದೇ ಹತ್ತಕ್ಕೆ. ನರಗುಂದದಲ್ಲಿ ಅರ್ಧ ತಾಸು ಕಾರು ನಿಲ್ಲಿಸಿದ. ಯಾಕೆ? ತಾನು ವಿಮಾನದಲ್ಲಿ ಹೋಗುವುದನ್ನು ಗೆಳೆಯನಿಗೆ ಹೇಳಲು!

ಹುಬ್ಬಳ್ಳಿ ವಿಮಾನ ನಿಲ್ದಾಣ ಮುಟ್ಟಿದಾಗ ಒಂದಕ್ಕೆ ಇಪ್ಪತ್ತು ನಿಮಿಷ ಇತ್ತು. ಟಿಕೆಟ್ ನೋಡುವ ಹುಡುಗಿ, "ಟೈಮ್ ಮುಗದೈತ್ರಿ ಅಜ್ಜಾರ, ಇನ್ನ ಒಳಗ ಬಿಡಂಗಿಲ್ಲ" ಎಂದಳು.

"ಅಲ್ಲೇ ನಿಂತೈತಲ್ಲ ತಂಗಿ! ಓಡಿ ಹೋಗಿ ಹತ್ತತೀವಿ!"

"ಅದು ಬಸ್ಸಲ್ರಿ."

ವಿಮಾನ ಒಂದಕ್ಕೆ ಎದ್ದು ಎರಡಕ್ಕೆ ಪುಣೆಯಲ್ಲಿ ಇಳಿಯಿತಂತೆ. ಇವನ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಅದರೊಳಗೆ ನಾವಿರಲಿಲ್ಲ, ಅಷ್ಟೇ!

ಇನ್ನು ಕಾರಿನಲ್ಲಿ ಹೋದರೂ ಮಣ್ಣು ಸಿಗುತ್ತಿರಲಿಲ್ಲ. ರೋಣಕ್ಕೆ ತಿರುಗಿದೆವು. ತಂಗಿಗೆ ಪಕ್ಕದ ಮನೆಯವಳು ಕೊಟ್ಟ ಸೀರೆ ಉಡಿಸಿದರಂತೆ.

ಸಂಜೆ ಅವನು ಕಟ್ಟೆಯ ಮೇಲೆ ಕೂತಿದ್ದ. ನೀರೂ ಮುಟ್ಟಿರಲಿಲ್ಲ.

"ವೈನಿ, ಏನರ ಬೈರಿ."

"ಬೈಯಾಕ ನನ್ನ ಹತ್ರ ಮಾತಿಲ್ಲ, ಹೋಗು."

"ಹೋದ ಸಲ ಪುಣೆಕ್ಕ ಹೋಗಿ ಬಂದು ನಡಾ ಹಿಡದು ಹದಿನೈದು ದಿನ ಮಲಗಿದ್ರಿ. ಅದಕ್ಕ..." ಎಂದು ಶುರು ಮಾಡಿದವನು ಮುಖ ಮುಚ್ಚಿಕೊಂಡ. ಅರವತ್ತೆಂಟರ ಗಂಡಸು.

ಆ ಹದಿನೈದು ದಿನ ನನ್ನ ಮಕ್ಕಳಿಗೂ ನೆನಪಿಲ್ಲ.

ಮರುದಿನ ಬೆಳಿಗ್ಗೆ ಅದೇ ಕಾರು ಕರೆಸಿದೆ. ಸೀರೆಯನ್ನು ಮಣ್ಣಿನ ಮೇಲಾದರೂ ಹೊದಿಸಿ ಬರಬೇಕಿತ್ತು. "ಬಾ, ಕೂಡು" ಎಂದೆ. ಬಂದು ಕೂತ. ರೊಟ್ಟಿ ಮುರಿದು ಅವನ ಕೈಗಿಟ್ಟೆ. ಅವನು ಒಂದು ತುತ್ತು ನುಂಗುವ ತನಕ ಗಾಡಿ ಬಿಡಬೇಡ ಎಂದು ಡ್ರೈವರನಿಗೆ ಹೇಳಿದೆ.