ವಿಮಾನದ ಚಕ್ರಕ್ಕ ಎರಡು ಬಕೆಟ್ ನೀರು

ಲಾರಿ ಬಾಡಿ ಕಟ್ಟೋದರಾಗ ಬಳ್ಳಾರಿಯೊಳಗ ನನ್ನ ಮೀರಿಸೋರಿಲ್ಲ ಅಂತ ನಾನೇ ಎಲ್ಲರಿಗೂ ಹೇಳ್ಕೊಂತ ಬಂದೀನಿ. ಅದನ್ನ ಒಬ್ಬರು ನಂಬಿಬಿಟ್ಟರು. ಅವರು ನನ್ನ ಹೆಂಡ್ತಿ ಶಾರದಾಳ ತವರುಮನಿ ಹತ್ತಿರದವರು, ಸಿರುಗುಪ್ಪದ ಪೈಲಟ್ ಸಾಹೇಬರು. ವಯಸ್ಸು ಎಂಬತ್ತು ದಾಟೈತಿ. ಹರೇದಾಗ ಇಂಜಿನ್ ಕೆಟ್ಟು ಅವರು ಲಡಾಖಿನಾಗ ಇಳಿಸಿದ್ದ ಮಿಲಿಟರಿ ವಿಮಾನ ಇನ್ನೂ ಅಲ್ಲೇ ಹಿಮದಾಗ ಹೂತಿತ್ತು. ಅದನ್ನ ತಂದು, ರಿಪೇರಿ ಮಾಡಿ, ಮ್ಯೂಸಿಯಂನಾಗ ನಿಂತಿದ್ದನ್ನ ಕಣ್ಣಾರೆ ನೋಡಿ ಸಾಯಬೇಕು ಅನ್ನೋದೊಂದೇ ಅವರ ಆಸೆ. ಡಾಕ್ಟರ್ ಅವರನ್ನ ಹೋಗಗೊಡಲಿಲ್ಲ. ವಿಮಾನ ತರಾಕ ಹೊರಟ ಮ್ಯೂಸಿಯಂ ತಂಡಕ್ಕ ತಗಡು ಬಿಚ್ಚಿ ಕೂಡಿಸೋ ಮಿಸ್ತ್ರಿ ಅಂತ ಸಾಹೇಬರು ನನ್ನ ಹೆಸರು ಕೊಟ್ಟರು.

"ಅಲ್ಲಿ ಥಂಡಿ ಭಾಳಂತ. ತಡಕೊಂತೀರೇನ್ರಿ?" ಅಂದ್ಲು ಶಾರದಾ.

"ಬಳ್ಳಾರಿ ಬಿಸಲು ತಡಕೊಂಡ ಮೈ ಇದು" ಅಂದೆ.

ಲಡಾಖಿನಾಗ ಮೊದಲ ಮೂರು ದಿನ ರಜಾಯಿ ಒಳಗಿಂದಾನೇ ಎಲ್ಲರಿಗೂ ಸಲಹೆ ಕೊಟ್ಟೆ. ಆಮೇಲೆ ಖರೇನ ದುಡಿದೀನಿ, ಸುಳ್ಳು ಹೇಳಂಗಿಲ್ಲ. ಹನ್ನೆರಡು ದಿನ ಐಸ್ ಕಡಿದು ವಿಮಾನ ಬಿಡಿಸಿದ್ವಿ. ರೆಕ್ಕಿ ಬಿಚ್ಚಿ ಲಾರಿಗೆ ಏರಿಸಿದ್ವಿ. ಹೊಸ ಟೈರ್ ಹಾಕಿ ತಳ್ಳಿದ್ರ ಉರುಳಾಕ ಹತ್ತಿತು. ಮರುದಿನ ಮುಂಜಾನೆ ಲಾರಿಗೆ ಹಗ್ಗ ಕಟ್ಟಿ ಎಳೆಯೋದಷ್ಟೇ ಬಾಕಿ ಉಳಿದಿತ್ತು. ಇವತ್ತು ಸಂಜಿಗೆ ಹಿಮ ಬೀಳತೈತಿ, ದಾರಿ ಮುಚ್ಚಿದ್ರ ಮುಂದಿನ ಬ್ಯಾಸಿಗಿಗೇ ತೆರೆಯೋದು ಅಂತ ಡ್ರೈವರ್ ಅವಸರ ಮಾಡಿದ.

"ಸ್ವಲ್ಪ ನಿಲ್ರಿ" ಅಂದೆ ನಾನು.

ಪೂಜಿ ಇಲ್ಲದ ಗಾಡಿ ನಮ್ಮ ಶೆಡ್ಡಿನಿಂದ ಹೊರಗ ಹೋಗಿದ್ದೇ ಇಲ್ಲ. ಕುರುಗೋಡು ಬಸವಣ್ಣನ ಗುಡ್ಯಾಗ ಇಟ್ಟು ತಂದಿದ್ದ ತೆಂಗಿನಕಾಯಿ ನನ್ನ ಚೀಲದಾಗ ಇತ್ತು. ಚಕ್ರ ತೊಳೀದೇ ಕುಂಕುಮ ಹಚ್ಚೋದು ಹೆಂಗ? ಸ್ಟವ್ ಹಚ್ಚಿ, ಹಿಮ ಕರಗಿಸಿ, ಒಂದೊಂದು ಚಕ್ರಕ್ಕ ಎರಡೆರಡು ಬಕೆಟ್ ನೀರು ಧಾರಾಳ ಸುರಿದೆ. ನಮ್ಮೂರಾಗ ಊದಿನಕಡ್ಡಿ ಹಚ್ಚೋದರಾಗ ಟೈರ್ ಒಣಗಿರತೈತಿ. ಆಮೇಲೆ ವಿಭೂತಿ, ಕುಂಕುಮ ಹಚ್ಚಿದೆ, ಮಂತ್ರ ಬಂದಷ್ಟು ಹೇಳಿದೆ, ಕಾಯಿ ಒಡದೆ.

ಕಾಯಿ ಒಳಗ ನೀರಿಲ್ಲ. ಐಸಿನ ಉಂಡಿ.

ನಿಧಾನಕ್ಕ ಚಕ್ರದ ಕಡೆ ತಿರುಗಿ ನೋಡಿದೆ. ಮೂರೂ ಚಕ್ರ ನೆಲಕ್ಕ ಬೆಸುಗಿ ಹಾಕಿದಂಗ ಕುಂತಿದ್ದವು. ಲಾರಿ ಎಳೀತು, ಹಗ್ಗ ಹರೀತು. ಗುದ್ದಲಿ ತಗೊಂಡು ಕಡಿದ್ವಿ. ಮಧ್ಯಾಹ್ನಕ್ಕೇ ಹಿಮ ಬಿತ್ತು. ತಂಡದವರು ಒಬ್ಬರೂ ನನ್ನ ಬೈಲಿಲ್ಲ, ಅದೇ ತಡಕೊಳ್ಳಾಕ ಆಗಲಿಲ್ಲ. ಲಾರಿಯಾಗ ಬಂದದ್ದು ಎರಡು ರೆಕ್ಕಿ ಅಷ್ಟೇ, ವಿಮಾನ ಅಲ್ಲೇ ಉಳೀತು.

ಊರಿಗೆ ಬಂದವನೇ ಶಾರದಾಳನ್ನ ಕರಕೊಂಡು ಸಿರುಗುಪ್ಪಕ್ಕ ಹೋದೆ. ಸಾಹೇಬರು ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಿಲಾಗೇ ಕುಂತಿದ್ದರು.

"ಎಲ್ಲಿಗೆ ಬಂತು ನನ್ನ ವಿಮಾನ?"

ನಾನು ಚಪ್ಪಲಿ ಬಿಡೋ ನೆಪದಾಗ ಬಗ್ಗಿದೆ. ಶಾರದಾಳೇ ಹೇಳಿದ್ಲು: "ನೀವು ಎಲ್ಲಿ ಬಿಟ್ಟಿದ್ರೋ ಅಲ್ಲೇ ಭದ್ರ ಐತ್ರಿ ಕಾಕಾ. ಹೊಸದಾಗಿ ಪೂಜಿ ಒಂದು ಆಗೈತಿ."

ನಾನು ನಡೆದದ್ದೆಲ್ಲ ಹೇಳಿ ತಲಿ ತಗ್ಗಿಸಿದೆ. ಅವರು ಹೊಟ್ಟಿ ಹಿಡ್ಕೊಂಡು ನಕ್ಕು ಕಣ್ಣು ಒರಸಿಕೊಂಡರು. "ಹಂಗಾದ್ರ ನಾನು ಇನ್ನೊಂದು ವರ್ಷ ಬದುಕಬೇಕಾತಲ್ಲಪಾ."

ಅವರನ್ನ ಬದುಕಿಸೋ ಜವಾಬ್ದಾರಿ ಶಾರದಾ ನನಗೇ ಹಚ್ಯಾಳ. ಪ್ರತಿ ಐತವಾರ ಬಸ್ ಹತ್ತಿ ಸಿರುಗುಪ್ಪಕ್ಕ ಹೋಗಿ ಅವರನ್ನ ವಾಕಿಂಗ್ ಕರಕೊಂಡು ಹೋಗತೀನಿ. ಅವರು ಮುಂದ, ಏದುಸಿರು ಬಿಡಕೊಂತ ನಾನು ಹಿಂದ.