ಎದೆಗವಚುವ ವಿದ್ಯೆಗೆ ಅರಮನೆ ಬೀಗ ಹಾಕಿದ್ದು

ಬಹಳ ಹಿಂದೆ, ಅಂದರೆ ಮೊಬೈಲು ಬಂದಿದ್ದರೂ ಮಹಾರಾಜರು ಇನ್ನೂ ಹೋಗಿರದಷ್ಟು ಹಿಂದೆ, ಅನುಮೋದನಪುರಿ ಎಂಬ ರಾಜ್ಯವೊಂದಿತ್ತು. ಅಲ್ಲಿನ ದೊರೆ ಸ್ವಸ್ತಿವರ್ಮರು ಮಹಾ ವಿದ್ಯಾಭಿಮಾನಿಗಳು. ಅವರ ಸಂಶೋಧನಾ ಭಂಡಾರದಲ್ಲಿ ನಲವತ್ತು ಸಾವಿರ ಪ್ರಬಂಧಗಳಿದ್ದವು. ಯಾರೂ ಓದದ ಕಾರಣ ಒಂದೂ ಮಾಸಿರಲಿಲ್ಲ.

ಅವುಗಳಲ್ಲೊಂದನ್ನು ಬರೆದವಳು ಪಂಡಿತೆ ಹಿಮವತಿ. ತಿಂಗಳು ತುಂಬದೆ ಹುಟ್ಟಿದ ಪುಟ್ಟ ಕೂಸನ್ನು ತಾಯಿಯ ಬರಿಯೆದೆಗೆ ಅವಚಿ ಕಟ್ಟಿದರೆ ಆ ಮೈಬಿಸಿಗೆ ಅದು ಬದುಕುವ ಸಂಭವ ಹೆಚ್ಚು ಎಂದು ಆರು ವರ್ಷ ಊರೂರು ಅಲೆದು ಕಂಡುಕೊಂಡಿದ್ದಳು. ಆಸ್ಥಾನ ಅವಳಿಗೆ ಶಾಲು ಹೊದಿಸಿ ಪ್ರಬಂಧವನ್ನು ಕಪಾಟಿಗೆ ಸೇರಿಸಿತು. ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ನೊಂದ ಹಿಮವತಿ, ಯಾರು ಬೇಕಾದರೂ ಓದಿ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶದಲ್ಲಿ ಅಷ್ಟನ್ನೂ ಆಡುಮಾತಿನಲ್ಲಿ, ಒಂದೇ ಪುಟದಲ್ಲಿ ಬರೆದಿಟ್ಟಳು.

ಗಡಿಯೂರಿನ ಸೂಲಗಿತ್ತಿ ಹನುಮಕ್ಕ ಅದನ್ನು ಮೊಬೈಲಿನಲ್ಲಿ ಓದಿದಳು. ಆ ವಾರವೇ ಅಂಗೈಯಗಲದ ಒಂದು ಹೆಣ್ಣುಕೂಸು ಅವಳ ಕೈಗೆ ಬಂತು. ತಾಯಿಗೆ ಮೈಸುಡುವ ಜ್ವರ. ಹನುಮಕ್ಕ ಅಪ್ಪನ ಅಂಗಿ ಬಿಚ್ಚಿಸಿ, ಹಳೆ ಸೀರೆಯಲ್ಲಿ ಕೂಸನ್ನು ಅವನೆದೆಗೇ ಕಟ್ಟಿದಳು. ಕೂಸು ಉಳಿಯಿತು. ಅವಳು ಪುಟದ ಕೊನೆಗೆ ಒಂದು ಸಾಲು ಸೇರಿಸಿದಳು: “ತಾಯಿಗೆ ಆಗದಿದ್ದರೆ ಅಪ್ಪನೂ ಆದೀತು. ನಾನು ಮಾಡಿ ನೋಡಿದ್ದೇನೆ.”

ಅದನ್ನು ಓದಿ ಹಿಮವತಿ ಕಣ್ಣೊರೆಸಿಕೊಂಡಳು. ಆರು ವರ್ಷದಲ್ಲಿ ತನಗೆ ಹೊಳೆಯದ್ದು!

ಅದನ್ನೇ ಓದಿ ಜ್ಞಾನಮಂತ್ರಿ ವಿಧಿನಿಧಿಗಳು ಮೂರ್ಛೆ ಹೋದರು. ಎಚ್ಚರವಾದೊಡನೆ ಆಸ್ಥಾನಕ್ಕೆ ಓಡಿದರು.

“ಮಹಾಪ್ರಭು, ರಾಜ್ಯದಲ್ಲಿ ಜ್ಞಾನ ಸೋರುತ್ತಿದೆ!”

“ಎಲ್ಲಿ? ಮೊನ್ನೆ ತಾನೇ ಭಂಡಾರಕ್ಕೆ ಹೆಂಚು ಹೊದಿಸಿದೆವಲ್ಲ?”

“ಸೂರಲ್ಲ ಪ್ರಭು. ಪಂಡಿತೆ ಬರೆದದ್ದನ್ನು ಸೂಲಗಿತ್ತಿ ತಿದ್ದಿದ್ದಾಳೆ. ಸಾಲದ್ದಕ್ಕೆ ಆ ಪುಟದಲ್ಲಿ ತಮ್ಮ ನಾಮಧೇಯವೇ ಇಲ್ಲ.”

ಎರಡನೆಯದನ್ನು ಕೇಳಿದ ಮೇಲೆ ದೊರೆಗೆ ಮೊದಲನೆಯದು ಎಷ್ಟು ಗಂಭೀರವೆಂದು ಅರ್ಥವಾಯಿತು. ಇಬ್ಬರು ಹೆಂಗಸರಿಗೂ ಕರೆ ಹೋಯಿತು.

“ನಿನ್ನ ಸಾಲಿಗೆ ಆಧಾರವೇನು?” ಎಂದರು ಮಂತ್ರಿಗಳು.

“ಕೂಸು ಬದುಕೈತೆ ಬುದ್ಧಿ,” ಅಂದಳು ಹನುಮಕ್ಕ.

“ಯಾವ ನಿಯತಕಾಲಿಕದಲ್ಲಿ?”

“ನಮ್ಮೂರಲ್ಲೇ ಬುದ್ಧಿ. ಮೊನ್ನೆ ನಾಮಕರಣ ಆತು.”

ಮಂತ್ರಿಗಳು “ಉಲ್ಲೇಖ ಅಸಿಂಧು” ಎಂದು ಬರೆದುಕೊಂಡರು.

ಹಿಮವತಿ ಕೈಮುಗಿದಳು. “ಪ್ರಭು, ಈ ಒಂದು ಸಾಲು ನನ್ನ ಇಡೀ ಪ್ರಬಂಧಕ್ಕಿಂತ ದೊಡ್ಡದು. ಅಳಿಸಬೇಡಿ. ಅದನ್ನು ಓದುವವರ ಕೈಯಲ್ಲಿ ಕೂಸಿರುತ್ತದೆ, ಪುರುಸೊತ್ತಿರುವುದಿಲ್ಲ.”

“ಅಂಜಬೇಡ ಪಂಡಿತೆ,” ಎಂದರು ದೊರೆ. “ನಿನ್ನ ಪುಟವನ್ನು ನಾವೇ ರಕ್ಷಿಸುತ್ತೇವೆ.”

ಮರುದಿನ ರಾಜಾಜ್ಞೆ ಹೊರಟಿತು. ವಿಶ್ವಕೋಶವು ಎಲ್ಲರದ್ದಾದ ಕಾರಣ ಅದು ಅರಮನೆಯದ್ದು. ಅದು ಸದಾ ತೆರೆದಿರಬೇಕಾದ ಕಾರಣ ಅದಕ್ಕೆ ಭದ್ರವಾದ ಬೀಗ. ತಿದ್ದಲು ಮೂವರು ಪಂಡಿತರ ಸಹಿ ಬೇಕು, ಓದಲು ಇಬ್ಬರದು ಸಾಕು. ಹನುಮಕ್ಕನ ಸಾಲಿದ್ದ ಜಾಗದಲ್ಲಿ “ಕೂಸುಗಳಿಗೆ ಮೂಲತಃ ಬೇಕಾದದ್ದು ಮಹಾಪ್ರಭುಗಳ ಕೃಪೋಷ್ಣ” ಎಂಬ ವಾಕ್ಯ ಬಂದು ಕೂತಿತು. ಅದಕ್ಕೆ ಅರವತ್ತು ಉಲ್ಲೇಖಗಳು. ಅರವತ್ತೂ ಮಂತ್ರಿಗಳ ಭಾಷಣಗಳೇ. ಹಿಮವತಿ ಪ್ರತಿಭಟಿಸಿದಳು. ಅವಳನ್ನು ಅಲ್ಪವಿರಾಮ ಪರಿಶೀಲನಾ ಸಮಿತಿಯ ಅಧ್ಯಕ್ಷೆಯನ್ನಾಗಿ ನೇಮಿಸಿ ಒಂದು ಕೋಣೆ ಕೊಟ್ಟರು, ಇಂಟರ್‌ನೆಟ್ ಕೊಡಲಿಲ್ಲ.

ಹನುಮಕ್ಕ ಯಾರನ್ನೂ ಕೇಳಲಿಲ್ಲ. ಕಾಲು ಒಯ್ದಷ್ಟು ಊರಿಗೆ ನಡೆದು ಬಾಯಲ್ಲೇ ಹೇಳಿ, ಸೀರೆ ಕಟ್ಟಿ ತೋರಿಸಿ ಬಂದಳು. ಹನ್ನೊಂದು ಊರಾಗುವಷ್ಟರಲ್ಲಿ ಮಂಡಿ ಬಾತುಕೊಂಡಿತು. ರಾಜ್ಯದಲ್ಲಿ ಏಳುನೂರು ಊರುಗಳಿದ್ದವು.

ಸ್ವಸ್ತಿವರ್ಮರಿಗೆ ‘ಜ್ಞಾನಚಕ್ರವರ್ತಿ’ ಕಿರೀಟ ತೊಡಿಸಿದ ಬೆಳಿಗ್ಗೆ, ಹನುಮಕ್ಕ ಮುಟ್ಟಲಾಗದ ಹನ್ನೆರಡನೆಯ ಊರಿನಲ್ಲಿ ಸೂಲಗಿತ್ತಿ ಮಲ್ಲಾಜಮ್ಮ ತಣ್ಣಗಾಗುತ್ತಿದ್ದ ಕೂಸೊಂದನ್ನು ಮಡಿಲಲ್ಲಿಟ್ಟುಕೊಂಡು, ವಿಶ್ವಕೋಶದ ಆ ಪುಟ ತೆರೆಯಲು ಮೊಬೈಲ್ ಒತ್ತಿದಳು. ತಾಯಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಮೊದಲು ದೊರೆಯ ನಗುಮುಖ ಬಂತು. ಬಳಿಕ ಅಕ್ಷರ ಮೂಡಿತು: “ತಮ್ಮ ಓದುವ ಅರ್ಜಿ ಸ್ವೀಕೃತವಾಗಿದೆ. ನಲವತ್ತೈದು ಕೆಲಸದ ದಿನಗಳೊಳಗೆ ಉತ್ತರಿಸಲಾಗುವುದು.”

ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ ಕೂಸಿನ ಅಪ್ಪ ಬಗ್ಗಿ ಕೇಳಿದ, “ಏನಂತಮ್ಮಾ?”

“ಕಾಯಬೇಕಂತಪ್ಪ,” ಅಂದಳು ಮಲ್ಲಾಜಮ್ಮ.