ಖರೇ ಹೇಳಲು ಹೋದ ಮನೆ ದಲಾಲ

ಮನೆ, ಹೊಲ ಮಾರಿಸುವವನು ಖರೇ ಹೇಳಲು ಹೊರಟರೆ ಏನಾಗುತ್ತದೆ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ನಾನು ಎಣಿಸಿದಂತೆ ಒಂದು ಸಲವೂ ಆಗಲಿಲ್ಲ ಎಂದಷ್ಟೇ ಹೇಳುತ್ತೇನೆ. ನಮಗೆ ಬರೆದಿಟ್ಟ ಕಾಯದೆ ಇರಲಿಲ್ಲ. ಕೆಲಸ ಕಲಿಸಿದ ಹಿರಿಯ ದಲಾಲರು ಒಂದೇ ಮಾತು ಹೇಳಿದ್ದರು: "ಕೊಳ್ಳಾವಗ ಗೊತ್ತಿರಬೇಕಾದ್ದನ್ನ ನೀ ಮುಚ್ಚಿಡಬ್ಯಾಡ." ಮೊದಲನೇ ವ್ಯವಹಾರದಲ್ಲೇ ನಾನು ಆ ಮಾತು ಮೀರಿದೆ.

೧. ಹೊಳೆದಂಡೆಯ ಹೊಲ

ಗಡಹಿಂಗ್ಲಜದಲ್ಲಿ ಹಿರಣ್ಯಕೇಶಿಯ ದಂಡೆಗೆ ಒಂದು ಕರಿ ಹೊಲವಿತ್ತು. ಮಳೆಗಾಲದಲ್ಲಿ ಅದರೊಳಗೆ ಹೊಳೆ ನುಗ್ಗುತ್ತಿತ್ತು. ಮಾರುವವರು, "ಬ್ಯಾಸಗಿಯೊಳಗ ತೋರಿಸಿ ಮುಗಿಸಿಬಿಡು" ಎಂದರು. ಕೊಳ್ಳಲು ಬಂದವನು ಗಡಿಯ ಹಳ್ಳಿಯ ಕುರುಬ. ಕುರಿಯ ಹಿಂದೆ ತಿರುಗಿ ಸಾಕಾಗಿ, ಒಂದು ಕಡೆ ನೆಲೆ ನಿಲ್ಲಬೇಕೆಂದಿದ್ದ.

"ಮಳಿಗಾಲದಾಗ ಹೆಂಗ್ರಿ ಈ ಹೊಲ?" ಎಂದ.

"ನೀರಿಗೇನೂ ಕೊರತಿ ಇಲ್ಲ," ಎಂದೆ.

ಅವನು ಸುಮ್ಮನೆ ಹೋದ. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಸುಳ್ಳಿಗಿಂತ ಕೆಟ್ಟದ್ದು ಎಂದು ಎದೆ ಚುಚ್ಚತೊಡಗಿತು. ಮರುದಿನ ಬಿಸಿಲಲ್ಲಿ ಅವನ ಹಳ್ಳಿಯವರೆಗೂ ನಡೆದು, ಬೆವರು ಒರೆಸಿಕೊಳ್ಳುತ್ತ ಎಲ್ಲ ಹೇಳಿದೆ.

ಅವನು ಕುಡಿಯಲು ನೀರು ಕೊಟ್ಟು ಅಂದ: "ಜಾಲಿ ಗಿಡದ ಟೊಂಗಿಗೆ ನನ್ನ ಹೆಗಲಮಟ ಹೊಳಿ ಕಸಾ ಸಿಕ್ಕೊಂಡಿತ್ರಿ. ನಿನ್ನೇನ ನೋಡೇನಿ."

"ಮತ್ತ ಯಾಕ ಸುಮ್ಮನ ಬಂದಿ?"

"ನೀವು ಹೇಳ್ತೀರೇನೋ ನೋಡೂಣಂತ. ಈಗ ಇನ್ನೊಂದು ಹೊಲಾ ತೋರಸ್ರಿ. ಆದ್ರ ಖರೇ ಮಾತು ಅಲ್ಲೇ ಹೇಳಿಬಿಡ್ರಿ. ಇಷ್ಟು ದೂರ ನಡದು ಸತ್ತಗಿತ್ತೀರಿ!"

೨. ಮಗ್ಗದ ಪಕ್ಕದ ಮನೆ

ಮುಂದೆ ಇಚಲಕರಂಜಿಯಲ್ಲಿ ಒಂದು ಮನೆ ಬಂತು. ಗೋಡೆಗೆ ಗೋಡೆ ಹಚ್ಚಿ ಯಂತ್ರಮಗ್ಗದ ಶೆಡ್ಡು. ಮಾತಾಡಿದರೆ ಕೇಳದಂಥ ಸದ್ದು. ಮಾಲೀಕ, "ಮಗ್ಗದ ಸುಟಿ ಇದ್ದ ದಿನಾ ತೋರಸು" ಎಂದ. ಕೊಳ್ಳುವವಳು ಗಂಡ ತೀರಿಕೊಂಡು ವರ್ಷವಾಗಿದ್ದ ಒಬ್ಬ ಜೈನ ಅಜ್ಜಿ. ಅವಳಿಗೆ ಬಿಡುವಾದದ್ದೂ ಆ ರಜೆಯ ದಿನವೇ. ಹೊಸ್ತಿಲಲ್ಲೇ ನಿಲ್ಲಿಸಿ ಮೆಲ್ಲಗೆ ಹೇಳಿದೆ:

"ಅಜ್ಜಿ, ಇವತ್ತು ಮಗ್ಗ ಬಂದ್ ಅದಾವ. ನಾಳಿಂದ ಇಲ್ಲಿ ಭಾಳ ಸದ್ದು."

"ಆಂ?"

ಇನ್ನೊಮ್ಮೆ ಹೇಳಿದೆ. ಮತ್ತೆ "ಆಂ?" ಎಂದಳು. ಕೊನೆಗೆ ಕೂಗಿದೆ. ಅಜ್ಜಿಗಿಂತ ಮೊದಲು ಓಣಿಗೆ ಕೇಳಿತು, ಒಳಗಿದ್ದ ಮಾಲೀಕನಿಗೂ ಕೇಳಿತು. ಅವನು ಕೆಂಪಗಾಗಿ ಹೊರಗೆ ಬಂದ.

ಅಜ್ಜಿ ಗೋಡೆಗೆ ಅಂಗೈ ಹಚ್ಚಿ ಕೇಳಿದಳು: "ಮಗ್ಗ ನಡದಾಗ ಇದು ನಡುಗತೈತೇನಪಾ?"

"ನಡುಗತೈತ್ರಿ," ಎಂದು ಮತ್ತೆ ಕೂಗಿದೆ.

"ನನಗ ಯಾರ ಸಪ್ಪಳಾನೂ ಕೇಳೂದಿಲ್ಲ. ಒಬ್ಬಾಕಿನ ಇರ್ತೇನಿ. ಗೋಡಿಗೆ ಕೈ ಇಟ್ರ ಬಾಜೂಕ ಮಂದಿ ಅದಾರಂತ ತಿಳದೀತು. ಇದ ಮನಿ ಇರಲಿ."

ಆರು ತಿಂಗಳಾದ ಮೇಲೆ ಸಂತೆಯಲ್ಲಿ ಸಿಕ್ಕು ನನ್ನನ್ನೇ ಬೈದಳು: "ವಾರಕ್ಕೊಮ್ಮೆ ಮಗ್ಗ ಸುಮ್ಮನ ಇರ್ತಾವಂತ ನೀ ಯಾಕ ಹೇಳಲಿಲ್ಲ? ಆ ಒಂದು ದಿನಾ ಭಾಳ ಬ್ಯಾಸರಾಗತೈತಿ!"

೩. ಅಣ್ಣನಿಗೆ ಮಾತ್ರ ಬೇಡ

ಎರಡನೇ ಮಹಾಯುದ್ಧದ ಕಾಲಕ್ಕೆ ಕೊಲ್ಲಾಪುರದಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲೊಂದು ಹಳೆಯ ಮನೆ, ನಡುವೆ ಗೋಡೆ ಹಾಕಿ ಇಬ್ಬರು ಅಣ್ಣತಮ್ಮಂದಿರು ಹಂಚಿಕೊಂಡಿದ್ದರು. ಏಳು ವರ್ಷ ಮಾತಿಲ್ಲ. ತಮ್ಮ ಶಿರೋಳದ ಕಡೆ ಕಬ್ಬು ಹಚ್ಚಲು ಹೊರಟಿದ್ದ. "ನನ್ನ ಪಾಲು ಯಾರಿಗರೆ ಕೊಡಸ್ರಿ, ನಮ್ಮಣ್ಣಗ ಮಾತ್ರ ಬ್ಯಾಡ," ಎಂದ.

ಎರಡು ದಿನಕ್ಕೆ ಅಣ್ಣನೇ ನನ್ನ ಹತ್ತಿರ ಬಂದ. "ನನ್ನ ಭಾವಮೈದುನನ ಹೆಸರಿಲೆ ನಾನ ತಗೋತೇನಿ. ನಮ್ಮ ತಮ್ಮಗ ಹೇಳಬ್ಯಾಡ್ರಿ. ಅವನ ಪಾಲಿನ ಹಿತ್ತಲದಾಗ ನಮ್ಮವ್ವ ರುಬ್ಬತಿದ್ದ ಒಳ್ಳಕಲ್ಲು ಐತಿ. ಬ್ಯಾರೇದವ್ರು ಬಂದ್ರ ಕಿತ್ತು ಒಗೀತಾರ."

"ನಾ ನಿಮ್ಮ ತಮ್ಮನ ದಲಾಲ. ಮುಚ್ಚಿಡಾಕ ಬರೂದಿಲ್ರಿ," ಎಂದೆ.

"ಹಂಗಾದ್ರ ಹೇಳ್ರಿ, ಆಗೂದು ಆಗಲಿ."

ಹೇಳಿದೆ. ಒಳ್ಳಕಲ್ಲಿನ ಮಾತು ಬಂದಾಗ ತಮ್ಮನು ಮುಖ ತಿರುಗಿಸಿದ. ಆಮೇಲೆ ಥಟ್ಟನೆ ಎದ್ದು ಅಣ್ಣನ ಬಾಗಿಲಿಗೆ ನಡೆದ. ಹೊಡೆದಾಟವಾದೀತೆಂದು ನಾನೂ ಓಡಿದೆ. ಇಬ್ಬರೂ ಎದುರುಬದುರು ನಿಂತರು, ಕಣ್ಣು ಮಾತ್ರ ನನ್ನ ಮೇಲೆ.

"ದಲಾಲರ, ಕಲ್ಲು ಕೀಳಾಕ ನಾನೂ ಬಿಡೂದಿಲ್ಲ ಅಂತ ಇವಗ ಹೇಳ್ರಿ," ಎಂದ ತಮ್ಮ.

"ಬಿಡೂದಿಲ್ಲಂತ್ರಿ," ಎಂದೆ.

"ಕೇಳಿಸ್ತು ಅನ್ರಿ. ಊಟ ಆಗೈತೇನು ಕೇಳ್ರಿ," ಎಂದ ಅಣ್ಣ.

"ಊಟ ಆಗೈತೇನ್ರಿ?"

"ಇಲ್ಲ ಅನ್ರಿ."

ಹೀಗೆ ನನ್ನ ಬಾಯಿಂದಲೇ ಮಾತಾಡುತ್ತ ಇಬ್ಬರೂ ಒಳಗೆ ಹೋಗಿ ಎಲೆಯ ಮುಂದೆ ಕೂತರು. ನಡುವೆ ನನ್ನನ್ನೂ ಕೂರಿಸಿದರು. "ಸಾರು ಖಾರ ಆಗೈತಿ ಅನ್ರಿ." "ತುಪ್ಪಾ ಹಾಕ್ಕೊ ಅನ್ರಿ." ನನ್ನ ತುತ್ತು ಬಾಯಿಗೆ ಹೋಗಲೇ ಇಲ್ಲ. ಬಡಿಸುತ್ತಿದ್ದ ಅಣ್ಣನ ಹೆಂಡತಿ ಕೊಲ್ಲಾಪುರದ ಮರಾಠಿಯಲ್ಲಿ, "ಅಹೋ, ತುಮ್ಹೀ ಜೇವಾ!" ಎಂದಳು. ನೀವು ಊಟ ಮಾಡಿ, ಅವರ ಮಾತು ಅವರೇ ಆಡಿಕೊಳ್ಳಲಿ ಎಂಬ ಅರ್ಥ.

ನಾನು ಮಾತು ದಾಟಿಸುವುದು ಬಿಟ್ಟು ಉಣ್ಣತೊಡಗಿದೆ. ಕೊನೆಗೆ ತಮ್ಮನೇ, ಎಲೆ ನೋಡುತ್ತ, ಅಂದ:

"ಅಣ್ಣಾ, ಉಪ್ಪು ಕೊಡು."

ಉಪ್ಪಿನ ಬಟ್ಟಲು ತಮ್ಮನ ಎಲೆಯ ಪಕ್ಕದಲ್ಲೇ ಇತ್ತು. ಅಣ್ಣ ಎದ್ದು, ನನ್ನನ್ನು ದಾಟಿ ಬಂದು, ಅದನ್ನೇ ಎತ್ತಿ ತಮ್ಮನ ಕೈಗೆ ಕೊಟ್ಟ.